ರಜೆ ಇಲ್ಲದ ಬಿಳಿ ಮಾತ್ರೆ

ಸೂರ್ಯ ಇನ್ನೂ ಮುಖ ತೊಳೆದಿರುವುದಿಲ್ಲ, ಆಸ್ಪತ್ರೆಯ ಔಷಧಿ ಕಿಟಕಿಯ ಹಿಂದೆ ಈಕೆ ಕನ್ನಡಕ ಏರಿಸಿ ಕೂತಾಗಿರುತ್ತದೆ. ಮುಂದೆ ಇಪ್ಪತ್ತೆಂಟು ಗೂಡಿನ ಡಬ್ಬಿ. ಬಿಳಿ ಮಾತ್ರೆ ಎಲ್ಲ ಗೂಡಿಗೂ, ಗುಲಾಬಿ ಬರೀ ಇಪ್ಪತ್ತೊಂದಕ್ಕೆ. ಆ ಬೆರಳುಗಳ ಓಟ ನೋಡಿ ಹೊಲಿಗೆ ಯಂತ್ರವೇ ನಾಚಬೇಕು. ಸಾಲು ಶುರುವಾಗುವುದರೊಳಗೆ ಮೂವತ್ತು ಡಬ್ಬಿ ಮುಗಿಯುತ್ತವೆ. ಸ್ತನ ಕ್ಯಾನ್ಸರಿನ ಹೆಂಗಸರೆಲ್ಲ ಈಕೆಯನ್ನು ಡಬ್ಬಿ ಅಕ್ಕ ಅಂತಾರೆ. ನನಗಿಂತ ಇಪ್ಪತ್ತೈದು ವರ್ಷ ಚಿಕ್ಕವಳು, ನನಗೂ ಅಕ್ಕನಂತೆ.

ಹಿಂದೆ ಇದೇ ಕಿಟಕಿಯ ಮುಂದೆ ನೆಲ ಒರೆಸುತ್ತಿದ್ದವಳು. ಗಂಡ ಬಿಟ್ಟುಹೋದ ಮೇಲೆ ಹೆಣ್ಣುಮಕ್ಕಳಿಬ್ಬರನ್ನು ಸಾಕುತ್ತ, ಅವರ ಪುಸ್ತಕದಲ್ಲೇ ಓದಿ ಪರೀಕ್ಷೆ ಪಾಸು ಮಾಡಿ ಒಳಗೆ ಬಂದಳು. ನಾನು ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಸಾಕಿದವಳು. ಇಂಥದ್ದು ಕೇಳಿದರೆ ಹೊಟ್ಟೆಯಲ್ಲಿ ಒಲೆ ಹೊತ್ತಿಕೊಳ್ಳುತ್ತದೆ.

ನನ್ನ ತಂಗಿಯೂ ಆ ಸಾಲಿನವಳೇ. ರೋಗ ಎದೆಯಿಂದ ಮೂಳೆಗೆ ಇಳಿದಿದೆ. ಮೊದಲ ದಿನವೇ ಈಕೆ ನಮಗೆ ಬಿಡಿಸಿ ಹೇಳಿದ್ದಳು: "ಹಾರ್ಮೋನೇ ಗಡ್ಡೆಗೆ ಊಟ. ಬಿಳೀದು ಆ ಊಟ ತಪ್ಪಿಸುತ್ತೆ. ಗುಲಾಬೀದು ಗಡ್ಡೆ ಮರಿ ಹಾಕದ ಹಾಗೆ ತಡೆಯುತ್ತೆ. ಆದ್ರೆ ರಕ್ತಾನೂ ಇಳಿಸುತ್ತೆ, ಅದಕ್ಕೇ ಕೊನೇ ವಾರ ಗುಲಾಬಿಗೆ ರಜೆ."

ನನ್ನ ಕಿವಿಗೆ ಬಿದ್ದದ್ದು ರಜೆ ಒಂದೇ. ಪಾಪ, ತಂಗಿಯ ಹೊಟ್ಟೆಗೂ ಬಿಡುವಿರಲಿ ಎಂದು ಆ ವಾರ ಎರಡನ್ನೂ ನಿಲ್ಲಿಸಿದೆ. ಉಳಿದ ಬಿಳಿ ಮಾತ್ರೆಗಳನ್ನು ಡಬ್ಬಿಯಿಂದ ಸುರಿದಿಟ್ಟುಕೊಂಡು, ಖಾಲಿ ಡಬ್ಬಿ ಮರಳಿಸುತ್ತಿದ್ದೆ. ಹೀಗೆ ಐದು ತಿಂಗಳು.

ಆರನೇ ತಿಂಗಳು ಸ್ಕ್ಯಾನಿನಲ್ಲಿ ಗಡ್ಡೆ ಬೆಳೆದಿತ್ತು. ಈ ಜೋಡಿ ಮಾತ್ರೆ ನಾಟುತ್ತಿಲ್ಲ, ಇನ್ನು ಸೂಜಿಯ ಔಷಧಿಯೇ ಎಂದು ಡಾಕ್ಟರು ಬರೆದೇಬಿಟ್ಟರು. ಆ ದಿನ ನಾನು ಡಬ್ಬಿ ಸುರಿಯುವುದನ್ನು ಮರೆತು, ಹಾಗೇ ಕಿಟಕಿಯೊಳಗೆ ಈಕೆಗೆ ಕೊಟ್ಟೆ.

"ಈ ಏಳು ಯಾಕೆ ಉಳೀತು, ಅಕ್ಕಾ?"

ಬಿಳೀದಕ್ಕೂ ರಜೆ ಕೊಟ್ಟೆ ಎಂದು ನಾನು ಜಂಬದಿಂದಲೇ ಹೇಳಿದೆ. ಈಕೆ ಬೈಯಲಿಲ್ಲ, ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಸಾಲನ್ನು ಅಲ್ಲೇ ಬಿಟ್ಟು, ಡಬ್ಬಿ ಹಿಡಿದು ಡಾಕ್ಟರ ಕೋಣೆಗೆ ಓಡಿದಳು. ಡಾಕ್ಟರು ಬರೆದದ್ದನ್ನು ಹೊಡೆದುಹಾಕಿ, ಮೂರು ತಿಂಗಳು ಸರಿಯಾಗಿ ನುಂಗಿಸಿ ನೋಡೋಣ ಎಂದರು. ಆ ಮೂರು ತಿಂಗಳು ನನಗೆ ಮೂರು ಜನ್ಮ.

ಮೊನ್ನೆ ಸ್ಕ್ಯಾನ್ ಬಂತು. ಗಡ್ಡೆ ಕುಗ್ಗಿದೆ, ಇದೇ ಮಾತ್ರೆ ಸಾಕಂತೆ. ನಾನು ಕಂಕುಳಲ್ಲಿ ಹೊತ್ತು ಬೆಳೆಸಿದ ತಂಗಿ ನೇರ ಕಿಟಕಿಗೆ ಹೋಗಿ, ಒಳಗೆ ಕೈ ತೂರಿಸಿ ಈಕೆಯ ಕೈ ಹಿಡಿದುಕೊಂಡು ಅತ್ತಳು. ನಾನು ಚೀಲ ಹಿಡಿದು ಕಂಬದ ಹಾಗೆ ನಿಂತಿದ್ದೆ. ಸುಳ್ಳೇಕೆ, ಆ ಕೈ ನನ್ನದಾಗಿರಬೇಕಿತ್ತು ಅನ್ನಿಸಿತು.

ಏನಮ್ಮ ನಿನ್ನಾಸೆ ಎಂದು ಕೇಳಿದರೆ ಈಕೆ ಮಾತ್ರೆ ತುಂಬುತ್ತಲೇ ಹೇಳುತ್ತಾಳೆ: "ಆಸ್ಪತ್ರೇಲಿ ಎಲ್ರೂ ಇನ್ನು ಬರಬೇಡಿ ಅಂತ ಹರಸ್ತಾರೆ. ಈ ಸಾಲಿನವರಿಗೆ ನಾನು ಹಾಗನ್ನಲ್ಲ, ಅಕ್ಕಾ. ಬಂದ್ರೆ ಬದುಕಿದ್ದಾರೆ ಅಂತ ತಾನೆ? ತಿಂಗಳು ತಿಂಗಳೂ ಬರ್ತಾ ಇರಲಿ. ನಂಗೆ ತುಂಬಿ ತುಂಬಿ ಸಾಕಾಗ್ಬೇಕು."