ಗೋಣಿಯಲ್ಲಿ ಹೋದ ಗಿಳಿಗಳು

ಭಾವ, ಗಿಳಿಯ ನಕ್ಷೆಯನ್ನು ಹೊರಗಿನವರಿಗೆ ಮುಟ್ಟಿಸಿದವನು ನಾನು. ನೀವಲ್ಲ. ಇದು ನನಗೆ ಗೊತ್ತಾಗಿ ಹನ್ನೆರಡು ವರ್ಷವಾಯಿತು. ಅಷ್ಟು ವರ್ಷವೂ ಬಾಯಿ ಮುಚ್ಚಿಕೊಂಡಿದ್ದೆ — ಅಕ್ಕನ ಮುಂದೆ, ಅಪ್ಪನ ಮುಂದೆ, ಕೊನೆಗೆ ಅಪ್ಪನ ಹೆಣದ ಮುಂದೆಯೂ.

ಮೊದಲಿನಿಂದ ಹೇಳುತ್ತೇನೆ. ನಮ್ಮದು ದಾವಣಗೆರೆಯಲ್ಲಿ ಬಾಗಿಲು, ಕಿಟಕಿ, ಮಂಚ ಮಾಡುವ ಮನೆತನ. ಅಕ್ಕನ ಕೈಹಿಡಿದ ಮೇಲೆ ನೀವೂ ನಮ್ಮ ಜೊತೆ ಉಳಿ ಹಿಡಿದಿರಿ. ಪಿ.ಜೆ. ಬಡಾವಣೆಯ ಒಂದು ಮನೆಗೆ ನೀವು ಕೆತ್ತಿದ ಬಾಗಿಲನ್ನು ಚಿಕ್ಕಮಗಳೂರು ಕಡೆಯ ಕಾಫಿ ತೋಟದ ಸಾಹುಕಾರರೊಬ್ಬರು ಮದುವೆಗೆ ಬಂದಾಗ ನೋಡಿದರು. ತಮ್ಮ ಬಂಗಲೆಯ ಅಗ್ಗಿಷ್ಟಿಕೆಗೆ, ಅಂದರೆ ಚಳಿ ಕಾಯಿಸಲು ಗೋಡೆಯಲ್ಲೇ ಕಟ್ಟಿದ ಒಲೆಗೆ, ಸುತ್ತಲೂ ಅಂಥದೇ ಚೌಕಟ್ಟು ಬೇಕೆಂದರು. ಅಪ್ಪ ನಕ್ಕುಬಿಟ್ಟ.

"ಅಡಿಗಿ ಮಾಡದ ಒಲಿಗೆ ಇಷ್ಟು ಸಿಂಗಾರ ಯಾಕ್ರಿ?"

ನಮ್ಮೂರ ಬಿಸಿಲಲ್ಲಿ ಬೆವರು ಒರೆಸಿಕೊಳ್ಳುತ್ತ ನಾವು ಚಳಿ ಊರಿನ ಸಾಮಾನು ಮಾಡತೊಡಗಿದ್ದು ಹೀಗೆ. ಒಂದು ಚೌಕಟ್ಟು ನೋಡಿದವರು ಇನ್ನೊಂದು ಕೇಳಿದರು. ಕೆ.ಬಿ. ಬಡಾವಣೆಯಲ್ಲಿ ದೊಡ್ಡ ಶೆಡ್ಡು ಹಿಡಿದೆವು. ಎಲ್ಲರಿಗೂ ಬೇಕಾದದ್ದು ನಿಮ್ಮ ಗಿಳಿ — ಕತ್ತು ಹಿಂದಕ್ಕೆ ತಿರುಗಿಸಿ ಮಾವಿನ ಚಿಗುರು ಕಚ್ಚಿದ ಜೋಡಿ ಗಿಳಿ.

ಭಾನುವಾರ ಹರಿಹರದ ನಿಮ್ಮ ಮನೆಯಲ್ಲಿ ಕೂತು ನೀವು ನಕ್ಷೆ ಬರೆದು ತರುತ್ತಿದ್ದಿರಿ. ಒಂದು ಚೌಕಟ್ಟಿಗೆ ಒಂದು ಕಾಗದ. ಮರದ ಮೇಲಿಟ್ಟು ಗೆರೆ ಒತ್ತಿದ ಮೇಲೆ ನಮ್ಮ ಪಾಲಿಗೆ ಅದು ರದ್ದಿ. ಸಾಮಾನು ಕಟ್ಟಿ ಲಾರಿಗೆ ಹಾಕುವುದು ನನ್ನ ಕೆಲಸ. ಗಿಳಿಯ ಕೊಕ್ಕು ಮುರಿಯದಿರಲಿ ಎಂದು ಆ ಕಾಗದವನ್ನೇ ಮಡಿಸಿ, ಗೋಣಿಗೂ ಕೆತ್ತನೆಗೂ ನಡುವೆ ತುರುಕುತ್ತಿದ್ದೆ. ಇದರಲ್ಲಿ ತಪ್ಪಿದೆ ಎಂದು ನನಗೆ ಹೊಳೆಯಲೇ ಇಲ್ಲ.

ರಾಜ್ಯ ಒಂದಾದ ಮರುವರ್ಷ ಸಾಹುಕಾರರು ಬಂದು, ಪಕ್ಕದ ತೋಟದ ಬಂಗಲೆಯಲ್ಲೂ ಇದೇ ಗಿಳಿ ಕಂಡೆ ಎಂದರು. ಅದು ನಾವು ಮಾಡಿದ್ದಲ್ಲ. ಅಂದಿನಿಂದ ನಿಮ್ಮ ಮೇಲೆ ನನ್ನ ಕಣ್ಣು. ಶನಿವಾರ ಊರಿಗೆ ಹೊರಡುವಾಗ ಚೀಲವನ್ನು ಯಾಕೆ ಅಷ್ಟು ಹುಷಾರಾಗಿ ಹಿಡಿಯುತ್ತೀರಿ? ಹರಿಹರದ ಸ್ಟೇಷನ್ನಿನಲ್ಲಿ ನಿಮ್ಮನ್ನು ಮಾತಾಡಿಸಿದ ಆ ಗಡ್ಡದವನು ಯಾರು? ನೀವು ನನ್ನನ್ನು ನೋಡಿ ನಕ್ಕದ್ದೇಕೆ? ನೀವು ನಗದ ದಿನ — ಇವತ್ತು ಯಾಕೆ ನಗಲಿಲ್ಲ ಎಂದುಕೊಳ್ಳುತ್ತಿದ್ದೆ. ಹೇಳಿಯೇಬಿಡುತ್ತೇನೆ, ಹೊಟ್ಟೆಕಿಚ್ಚೂ ಇತ್ತು. ಶೆಡ್ಡು ನಮ್ಮದು, ಬಂದವರು ಕೇಳುತ್ತಿದ್ದುದು ನಿಮ್ಮನ್ನು.

ಒಂದು ಶನಿವಾರ ಸಂಜೆ, ಕೆಲಸದವರೆಲ್ಲ ನಿಂತಿರುವಾಗಲೇ, "ಭಾವನ ಚೀಲ ಒಂದ್ಸಲ ನೋಡಪ್ಪಾ" ಎಂದೆ. ಅಪ್ಪ ಬಿಚ್ಚಿದ. ಒಳಗೆ ಗಿಳಿಯ ನಕ್ಷೆ ಮೂರು, ಅರ್ಧರ್ಧ ಬರೆದವು.

"ನಾ ಬರ್ದ ಕಾಗದ ನನ್ನ ಚೀಲದಾಗ ಇರದೆ ಇನ್ಯಾರ ಚೀಲದಾಗ ಇರ್ಬೇಕ್ರಿ ಮಾವ?" ಎಂದಿರಿ ನೀವು.

ಅಪ್ಪ ನನ್ನ ಮುಖ ನೋಡಿದ. "ಒಪ್ಕೊಂಡಂಗ ಆತಲ್ಲಪ್ಪಾ" ಎಂದೆ ನಾನು. ನೀವು ಉಳಿಗಳನ್ನು ಒಂದೊಂದಾಗಿ ಒರೆಸಿ, ಬಟ್ಟೆಯಲ್ಲಿ ಸುತ್ತಿಕೊಂಡು ಹೋದಿರಿ.

ಎರಡು ತಿಂಗಳ ಮೇಲೆ ಚೌಕಟ್ಟು ಕೂರಿಸಲು ನಾನೇ ಸಾಹುಕಾರರ ತೋಟಕ್ಕೆ ಹೋದೆ. ಅಲ್ಲಿಯ ಬಡಗಿಯೊಬ್ಬ ತನ್ನ ಬಳಿ ಇದ್ದ ಗಿಳಿಯ ನಕ್ಷೆಯನ್ನು ತಾನಾಗಿ ತೋರಿಸಿದ. ಮಡಿಕೆಯ ಗುರುತು, ಅಂಟಿಕೊಂಡ ಗೋಣಿಯ ನಾರು, ಮೂಲೆಯಲ್ಲಿ 'ಎಡಗಡೆ' ಎಂದು ನನ್ನದೇ ಅಕ್ಷರ.

"ನಿಮ್ಮ ಗೋಣಿಯೊಳಗೇ ಬಂದಿತ್ತಲ್ಲ! ಬಿಸಾಡಿದ್ದು ಅಂತ ಇಟ್ಕೊಂಡೆ. ಪಕ್ಕದ ಬಂಗ್ಲೆಗೆ ಅದನ್ನೇ ನೋಡಿ ಕೆತ್ತಿದೆ" ಎಂದ.

ಅದನ್ನು ಬೇಡಿ ತಂದೆ. ತಂದು ಅಂಟು ಕಾಯಿಸುವ ಒಲೆಗೆ ಹಾಕಿದೆ. ಅಂದೇ ಹರಿಹರಕ್ಕೆ ಬರಬೇಕಿತ್ತು. ನಾಳೆ ಎಂದುಕೊಂಡೆ. ಪಂಚಮಿ ಕಳೆಯಲಿ ಎಂದುಕೊಂಡೆ...

ಆ ಪಂಚಮಿಗೆ ಅಕ್ಕ ಒಬ್ಬಳೇ ಬರಲಿ ಎಂದು ಅಪ್ಪ ಹೇಳಿಕಳಿಸಿದ. "ಅವ್ರು ಬರಬಾರದ ಮನಿ ನನಗೂ ಬ್ಯಾಡ" ಎಂದಳಂತೆ. ಆಮೇಲೆ ಯಾವ ಪಂಚಮಿಗೂ ಅವಳು ತವರಿನ ಜೋಕಾಲಿ ಹತ್ತಲಿಲ್ಲ. ಅಪ್ಪನ ಮಣ್ಣಿಗೆ ಬಂದವಳು ಒಂದು ಲೋಟ ನೀರೂ ಮುಟ್ಟದೆ ಹೋದಳು. ನಮ್ಮ ಚೌಕಟ್ಟುಗಳು ಊಟಿಯವರೆಗೂ ಹೋದವು. ಹೊಸಬರ ಕೈಯಲ್ಲಿ ಗಿಳಿಗಳು ಕಾಗೆಗಳಾದವು; ಕೊಳ್ಳುವವರಿಗೆ ತಿಳಿಯಲಿಲ್ಲ, ನನಗೆ ತಿಳಿಯುತ್ತಿತ್ತು. ಕಳ್ಳನೆನಿಸಿಕೊಂಡವರ ಕೈಗೆ ಯಾರು ಕೆತ್ತನೆ ಕೊಡುತ್ತಾರೆ? ನೀವು ನೊಗ, ನೇಗಿಲು ಮಾಡುತ್ತ ಉಳಿದಿರಿ.

ಹೋದ ತಿಂಗಳು ನಿಮ್ಮ ಹಿರಿಯ ಮಗ ಕೆಲಸ ಕೇಳಿಕೊಂಡು ಶೆಡ್ಡಿಗೆ ಬಂದಿದ್ದ. "ಅಪ್ಪಂಗೆ ಹೇಳಿಲ್ಲ, ಮಾಮ" ಎಂದ. ಯೋಚಿಸಿ ಹೇಳುತ್ತೇನೆಂದೆ. ಅವನು ಹೊರಟಾಗ ನಾನೇನು ಮಾಡಿದೆ ಗೊತ್ತೆ? ಅವನ ಚೀಲದ ಕಡೆ ನೋಡಿದೆ. ನಿಜ ಗೊತ್ತಿದ್ದವನು — ಗೊತ್ತಿದ್ದವನು ನಾನೊಬ್ಬನೇ — ನೋಡಿದೆ. ಅವನಿಗೆ ಅದು ಕಂಡಿತು. ಯಾರೂ ಕೇಳದೆಯೇ ಚೀಲ ಬಿಚ್ಚಿ ತೋರಿಸಿದ, ರೂಢಿಯಾದವನ ಹಾಗೆ.

ಕ್ಷಮೆ ಕೇಳುವ ಮುಖ ನನಗಿಲ್ಲ. ಬರುವ ಸೋಮವಾರ ಹರಿಹರಕ್ಕೆ ಬರುತ್ತೇನೆ. ಈ ಪತ್ರವನ್ನು ನೀವು ಅಷ್ಟರೊಳಗೆ ಓದಿರುತ್ತೀರಿ. ಆದರೂ ಅಕ್ಕನ ಎದುರು, ಮಕ್ಕಳ ಎದುರು, ಓಣಿಯವರು ಕೇಳುವಂತೆ ಬಾಯಿಬಿಟ್ಟು ಹೇಳಬೇಕು. ಮರುದಿನ ಇಲ್ಲಿ ಶೆಡ್ಡಿನಲ್ಲಿ, ಕೆಲಸದವರ ಎದುರೂ ಹೇಳುತ್ತೇನೆ. ನನಗೆ ಕೂತುಕೋ ಎನ್ನಬೇಡಿ, ಭಾವ. ನಿಂತೇ ಹೇಳುತ್ತೇನೆ.