ಅಮ್ಮ ನೀರಿಗಿಳಿದದ್ದು

ಬಟರ್‌ಫ್ಲೈ ಈಜಿನಲ್ಲಿ ದೇಶಕ್ಕೇ ಮೊದಲಿಗಳಾದ ಅವಳನ್ನು ಮನೆಯಲ್ಲಿ ಕರೆಯುತ್ತಿದ್ದದ್ದು ‘ಮೀನು’ ಎಂದೇ. ಶಾಲೆಗೆ ಹೋಗುವ ಕಾಲದಿಂದ ಬೆಳಗಿನ ಜಾವ ಅವಳನ್ನು ಎಬ್ಬಿಸಿ ಈಜುಕೊಳಕ್ಕೆ ಕರೆತಂದು, ಅವಳು ಈಜುವಷ್ಟು ಹೊತ್ತೂ ಬೆಂಚಿನ ಮೇಲೆ ಕೂತು ಗಿರಾಕಿಗಳ ಅಂಗಿಗೆ ಗುಂಡಿ ಹಾಕುತ್ತಿದ್ದವಳು ದರ್ಜಿಯಾಗಿದ್ದ ಅಮ್ಮ. ಮಗಳ ಕಣ್ಣಿಗೆ ಗೋಡೆಯ ಗಡಿಯಾರವೊಂದನ್ನು ಬಿಟ್ಟು ಬೇರೇನೂ ಬೀಳುತ್ತಿರಲಿಲ್ಲ.

ಹೊರದೇಶದಲ್ಲಿ ಮೊದಲ ಪದಕ ಗೆದ್ದು ಬಂದಾಗ ಟಿವಿಯವರು ಮನೆಗೇ ಬಂದರು. “ಅಮ್ಮನಿಗೂ ಈಜು ಬರುತ್ತಾ?” ಎಂದು ಮಗಳನ್ನು ಕೇಳಿದರು.

“ಅಮ್ಮನಿಗಾ? ಮೊಣಕಾಲುದ್ದ ನೀರು ಕಂಡ್ರೂ ಮಾರುದೂರ ಓಡ್ತಾಳೆ!”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಬಾಯಿಗೆ ಕೈ ಅಡ್ಡ ಹಿಡಿದು ಅಮ್ಮನೂ ನಕ್ಕಳು.

ಭುಜದ ನೋವು ಕೈ ಮೀರಿದಾಗ ಮೀನು ಸ್ಪರ್ಧೆ ಬಿಟ್ಟು ಅದೇ ಕೊಳದಲ್ಲಿ ಮಕ್ಕಳಿಗೆ ಈಜು ಕಲಿಸತೊಡಗಿದಳು. ಒಂದು ಮಧ್ಯಾಹ್ನ, ಬಟ್ಟೆ ಬದಲಿಸುವ ಕೋಣೆ ನೋಡಿಕೊಳ್ಳುವ ಹಿರಿಯ ಹೆಂಗಸು ನೆಲ ಒರೆಸುತ್ತ, “ನಿಮ್ಮಮ್ಮ ಮತ್ತೆ ನೀರಿಗೆ ಇಳಿಯಲೇ ಇಲ್ವಾ?” ಎಂದಳು.

“ನಮ್ಮಮ್ಮನಾ? ಅವಳು ಯಾವಾಗ ಇಳಿದಿದ್ಲು?”

“ಅಯ್ಯೋ, ನಿಮಗೆ ಗೊತ್ತಿಲ್ವಾ? ನೀವು ಶಿಬಿರಕ್ಕೆ ಹೋದಾಗೆಲ್ಲ ಹೆಂಗಸರ ಹೊತ್ತಲ್ಲಿ ಬರೋರು. ನಾನೇ ಕೈ ಹಿಡ್ಕೊಂಡು ಕಲಿಸ್ದೆ. ಚೆನ್ನಾಗಿ ತೇಲೋರು. ಮಗಳಿಗೆ ತೋರಿಸ್ತೀನಿ ಅಂತಿದ್ರು. ನೀವು ಟಿವೀಲಿ ಹಾಗಂದ ಮೇಲೆ ಈ ಕಡೆ ತಲೇನೇ ಹಾಕಲಿಲ್ಲ.”

ಮೀನುವಿಗೆ ಆ ದಿನ ನೆನಪಾಯಿತು. ಅಂದು ಎಲ್ಲರಿಗಿಂತ ಜೋರಾಗಿ ನಕ್ಕವಳು ತಾನೇ.

ಮನೆಗೆ ಹೋದಾಗ ಅಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಳು.

“ಯಾಕಮ್ಮ ನನಗೆ ಹೇಳಲಿಲ್ಲ?”

ಯಾವ ವಿಷಯವೆಂದು ಅಮ್ಮ ಕೇಳಲಿಲ್ಲ. ಮಗಳ ಮುಖ ನೋಡಿಯೇ ಗೊತ್ತಾಗಿತ್ತು. “ಅಷ್ಟು ಜನ ನಗ್ತಾ ಇದ್ರಲ್ಲೇ. ನಡುವೆ ಬಾಯಿ ಹಾಕಿ ಏನಂತ ಹೇಳ್ಲಿ? ಹೋಗ್ಲಿ ಬಿಡು.”

“ಆಮೇಲೆ ಹೋಗೋದನ್ನೇ ಯಾಕೆ ನಿಲ್ಲಿಸ್ದೆ?”

ಅಮ್ಮ ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿಕೊಂಡಳು. “ನಾಚಿಕೆ ಆಯ್ತು.”

ತಪ್ಪಾಯಿತೆಂದು ಮಗಳು ಅತ್ತಳು, ಗೋಗರೆದಳು, ವಾರಗಟ್ಟಲೆ ಬೆನ್ನು ಬಿದ್ದಳು. ಕೊನೆಗೊಂದು ಭಾನುವಾರ ಅಮ್ಮ ಹೊರಟಳು. ಕಂಬಿ ಹಿಡಿದು ನೀರಿಗಿಳಿದವಳ ಬೆನ್ನಿಗೆ ಮಗಳು ಕೈ ಕೊಡಹೋದರೆ, “ನೀನು ಬೇಡ. ಅವರು ಹಿಡ್ಕೊಳ್ಳಲಿ” ಎಂದು ಕೋಣೆಯ ಹೆಂಗಸನ್ನು ಕರೆದಳು. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಮೀನುವಿಗೆ ಎಷ್ಟೋ ವಾಸಿಯಿತ್ತು.

ಸ್ವಲ್ಪ ಹೊತ್ತಿಗೆ ಆ ಹೆಂಗಸು ಕೈ ಬಿಟ್ಟಳು. ಅಮ್ಮ ಅಂಗಾತ ತೇಲಿದಳು.

“ಕಾಲು ಸರಿ ಇದ್ಯೇನೇ?”

ಕಾಲು ತುಸು ಮುಳುಗಿತ್ತು.

“ಸರಿ ಇದೆಯಮ್ಮ” ಎಂದಳು ಮೀನು, ಆ ಕಡೆ ಮುಖ ತಿರುಗಿಸಿಕೊಂಡು.