ಬಾಯ್ಲರಿನ ವಿಭೂತಿ

ಅಣ್ಣಿಗೇರಿ ಹತ್ತಿರ ನೂಲಿನ ಗಿರಣಿ ಕಟ್ಟುವಾಗ ಬೆಸುಗೆ ಪರೀಕ್ಷಿಸುತ್ತಿದ್ದ ಸಾಹೇಬರಿಗೆ ದೇವರಲ್ಲಿ ನಂಬಿಕೆ ಇತ್ತೋ ಇಲ್ಲವೋ, ನನಗೆ ಇನ್ನೂ ಕುತೂಹಲ. ಮಗುವಿನ ಜ್ವರ ನೋಡುವವರ ಹಾಗೆ ಅಂಗೈ ಮಗುಚಿ ಕಬ್ಬಿಣ ಮುಟ್ಟುತ್ತಿದ್ದರು. ಯಾರೇ ಅವಸರ ಮಾಡಲಿ, ಒಂದೇ ಮಾತು: "ತಡೀರಿ, ಅದೇನ ಹೇಳತೈತಿ ಕೇಳೂಣು."

ಬಾಯ್ಲರಿಗೆ ನೀರು ತುಂಬಿ ಒತ್ತಡ ಏರಿಸಿ ನೋಡುವ ದಿನ, ಪರೀಕ್ಷೆಗೆ ಮೊದಲೇ ನಾವು ಕೆಲಸಗಾರರು ಅದಕ್ಕೆ ವಿಭೂತಿ ಬಳಿದು ಕಾಯಿ ಒಡೆದಿದ್ದೆವು. ಒತ್ತಡ ಏರುತ್ತಿದ್ದಂತೆ ಗಿರಣಿಯ ಅಧ್ಯಕ್ಷರು ಗದರಿದರು: "ಪೂಜಿ ಆತಲ್ರೀ, ಪಾಸ್ ಅಂದುಬಿಡ್ರಿ. ಬೆಂಕಿ ಹಚ್ಚೂಣು, ಮಂದಿ ಕಾಯಾಕತ್ತಾರ."

ಸಾಹೇಬರು ಚಪ್ಪಲಿ ಕಳಚಿ ಹತ್ತಿರ ಹೋದರು. ಬೆಸುಗೆಯ ಮೇಲೆ ನಾವೆಳೆದ ಮೂರು ಬಿಳಿ ಪಟ್ಟಿಗಳಲ್ಲಿ ನಡುವಿನದು ನೀರು ಜಿನುಗಿ ನಿಧಾನವಾಗಿ ಕಪ್ಪಾಗುತ್ತಿತ್ತು.

ಅವರು ಕೈಮುಗಿದರು. "ನಾ ಹೇಳೂದು ಏನೈತ್ರಿ? ನಿಮ್ಮ ವಿಭೂತೀನ ಹೇಳಾಕತ್ತೈತಿ."